ಎಲ್‌ಪಿ ಶಾಲೆಯಲ್ಲಿ ಸಂಬಳವಿಲ್ಲದ ಸಂಗೀತ ಟೀಚರ್: ಸರಳೆ ವರಿಸೆಯಿಂದಲೇ ಆರಂಭಿಸಬೇಕೇ?

ತಂಬೂರಿ | ಜೂನ್ 24, ರಾತ್ರಿ 9.10

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವಳು ನಾನು. ಮದುವೆಗೆ ಮೊದಲು ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆಯವರೆಗೆ ಕಲಿತಿದ್ದೆ. ಆಮೇಲೆ ಹಾಡಿದ್ದೆಲ್ಲ ನವರಾತ್ರಿಯ ಭಜನೆಯಲ್ಲಿ ಮತ್ತು ಅಡುಗೆಮನೆಯಲ್ಲಿ. ಈ ವರ್ಷ ಮಗಳು ಹಾಸ್ಟೆಲಿಗೆ ಹೋದ ಮೇಲೆ ಮಧ್ಯಾಹ್ನದ ಹೊತ್ತು ಬಿಡುವಾಯಿತು. ಮನೆಯಿಂದ ನಡೆದೇ ಹೋಗಬಹುದಾದ ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಹೆಡ್‌ಮಿಸ್ಟ್ರೆಸ್ ಅವರಲ್ಲಿ, ಸಂಬಳವೇನೂ ಬೇಡ, ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಹಾಡು ಕಲಿಸುತ್ತೇನೆ ಎಂದೆ. ಅವರು ಸಂತೋಷದಿಂದ ಶುಕ್ರವಾರ ಊಟದ ನಂತರದ ಪೀರಿಯಡ್ ಕೊಟ್ಟು, ಒಂದರಿಂದ ನಾಲ್ಕನೇ ಕ್ಲಾಸಿನವರೆಗಿನ 42 ಮಕ್ಕಳನ್ನೂ ಒಂದೇ ಹಾಲಿನಲ್ಲಿ ಕೂರಿಸಿದರು.

ಮೂರು ವಾರಗಳಾದವು. ನನ್ನ ಗುರುಗಳು ನನಗೆ ಕಲಿಸಿದ ಕ್ರಮದಲ್ಲೇ ಸರಳೆ ವರಿಸೆ, ಅಂದರೆ ಸ್ವರಗಳ ಮೊದಲ ಪಾಠ, ಹಿಡಿದೆ. ಮೊದಲ ದಿನ ಕುತೂಹಲವಿತ್ತು. ಎರಡನೆಯ ಸಲ ಅರ್ಧದಷ್ಟು ಮಕ್ಕಳು ಹಾಡುವ ಬದಲು ಕಿರುಚಿದರು. ಮೂರನೆಯ ಶುಕ್ರವಾರ ಜೋರು ಮಳೆ. ಶೀಟಿನ ಮಾಡಿನ ಮೇಲೆ ಹನಿ ಬೀಳುವ ಸದ್ದಿಗೆ ಮೊಬೈಲಿನ ತಂಬೂರಿ ನನಗೇ ಕೇಳಿಸಲಿಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗ ಎಷ್ಟು ಹೇಳಿಕೊಟ್ಟರೂ ಕೆಳಗೆಲ್ಲೋ ಗಂಟಲಿನೊಳಗೇ ಗುರುಗುಟ್ಟುತ್ತಾನೆ, ಪಕ್ಕದವರು ನಗುತ್ತಾರೆ, ಅವನು ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಾ ಕೂರುತ್ತಾನೆ.

ಸರಳೆ ವರಿಸೆಯನ್ನು ಮುಂದುವರಿಸಬೇಕೇ, ಬಿಟ್ಟು ಹಾಡು ಹಿಡಿಯಬೇಕೇ? ಆ ಹುಡುಗನಿಗೆ ಏನು ಮಾಡಲಿ? ಶಾಲೆಗಳಲ್ಲಿ ಹೀಗೆ ಉಚಿತವಾಗಿ ಕಲಿಸಿದ ಅನುಭವವಿರುವವರು ದಯವಿಟ್ಟು ಬರೆಯಿರಿ.

ನಿವೃತ್ತ ಮಾಸ್ತರ | ಜೂನ್ 24, ರಾತ್ರಿ 9.48

ಟೀಚರೇ, ಮೊದಲಿಗೆ ಸಂತೋಷ. ಮೂವತ್ತು ವರ್ಷ ಎಲ್‌ಪಿಯಲ್ಲೇ ಇದ್ದ ನನಗೆ ಹೀಗೆ ತಾವಾಗಿ ಬಂದು ಕೇಳಿದವರು ಇಬ್ಬರು ಮಾತ್ರ. ಒಬ್ಬರು ಒಂದೇ ದಿನಕ್ಕೆ ನಿಂತರು.

ರಾಗ ತಾಳದ ವಿಷಯ ತಿಳಿದವರು ಹೇಳಲಿ, ನನ್ನದು ಟೈಮ್‌ಟೇಬಲಿನ ಮಾತು. ಶುಕ್ರವಾರ ನಮ್ಮ ಕೇರಳದ ಶಾಲೆಗಳಲ್ಲಿ ಜುಮಾ ನಮಾಜಿಗಾಗಿ ಮಧ್ಯಾಹ್ನದ ವಿರಾಮ ಉದ್ದವಾಗಿರುತ್ತದೆ. ಅಷ್ಟು ಹೊತ್ತು ಅಂಗಳದಲ್ಲಿ ಓಡಿ ಬಂದ ಮಕ್ಕಳು ಮತ್ತೆ ಕೂತಾಗ ಅರ್ಧ ಜನ ಬೆವರಿನಲ್ಲಿ, ಅರ್ಧ ಜನ ನಿದ್ದೆಯಲ್ಲಿ ಇರುತ್ತಾರೆ. ಬೇರೆ ಯಾವುದಾದರೂ ದಿನ ಬೆಳಿಗ್ಗೆಯ ಇಂಟರ್‌ವಲ್‌ಗೆ ಮೊದಲಿನ ಅರ್ಧ ಗಂಟೆ ಕೇಳಿ. ಒಂದು–ಎರಡನೇ ಕ್ಲಾಸು ಬೇರೆ, ಮೂರು–ನಾಲ್ಕು ಬೇರೆ ಮಾಡಿ. ಆರು ವರ್ಷದವನನ್ನೂ ಹತ್ತು ವರ್ಷದವನನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಯಾರೂ ನಡೆಯುವುದಿಲ್ಲ.

ಇಷ್ಟಕ್ಕೂ ನಿಮ್ಮಂಥವರು ಏಕೆ ಬೇಕಾಗುತ್ತದೆ ಎಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದು ಹೇಳಿರುವುದು 6ರಿಂದ 8ನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ. ಒಂದರಿಂದ ಐದರವರೆಗೆ ಸಂಗೀತಕ್ಕೆಂದು ಯಾರನ್ನೂ ಅದು ಕೇಳಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಬೇಕೆಂದು ಬರೆಯಿತು. ಆದರೆ ನಮ್ಮ ಎಲ್‌ಪಿಗಳಲ್ಲಿ ಆ ಭಾರ ಕ್ಲಾಸ್ ಟೀಚರರ ತಲೆಯ ಮೇಲೆಯೇ ಉಳಿದಿದೆ.

ಮಂಗಳೂರು ಬಸ್ಸು | ಜೂನ್ 24, ರಾತ್ರಿ 9.55

ಕ್ಲಾಸ್ ಟೀಚರ್ ಆ ಹೊತ್ತಿನಲ್ಲಿ ಹಾಲಿನಲ್ಲಿ ಇರುತ್ತಾರೆಯೇ ಎಂಬುದನ್ನು ತಂಬೂರಿಯವರು ಬರೆದೇ ಇಲ್ಲ.

ತಂಬೂರಿ | ಜೂನ್ 24, ರಾತ್ರಿ 10.02

ಇರುವುದಿಲ್ಲ. ನಾನು ಒಳಗೆ ಬಂದ ಕೂಡಲೇ ಅವರು ಬಿಸಿಯೂಟದ ಅಕ್ಕಿ, ಮೊಟ್ಟೆಯ ರಿಜಿಸ್ಟರ್ ಬರೆಯಲು ಆಫೀಸಿಗೆ ಹೋಗುತ್ತಾರೆ. ಅವರಿಗೂ ಬೇರೆ ಸಮಯ ಸಿಗುವುದಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ.

ನಿವೃತ್ತ ಮಾಸ್ತರ | ಜೂನ್ 24, ರಾತ್ರಿ 10.15

ಸುಮ್ಮನಿರಬೇಡಿ. ಹೊರಗಿನವರು ಎಷ್ಟೇ ಒಳ್ಳೆಯವರಾಗಿದ್ದರೂ ಕ್ಲಾಸ್ ಟೀಚರ್ ಇಲ್ಲದೆ ಮಕ್ಕಳ ಜೊತೆ ಒಬ್ಬರೇ ಇರಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಈ ವಿಷಯದಲ್ಲಿ ಮುಲಾಜು ನೋಡುವ ಹಾಗೆಯೇ ಇಲ್ಲ; ಅದು ಮಕ್ಕಳಿಗೂ ರಕ್ಷಣೆ, ನಿಮಗೂ ರಕ್ಷಣೆ. ನೀವು ಬರುವ ವಿಚಾರವನ್ನು ಪಿಟಿಎ (ಪೋಷಕ-ಶಿಕ್ಷಕರ ಸಂಘ) ಸಭೆಯಲ್ಲಿ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಮಕ್ಕಳು ಹಾಡುವ ವೀಡಿಯೋವನ್ನು ಸ್ಟೇಟಸ್‌ಗೆ ಹಾಕುವ ಆಸೆಯನ್ನೂ ಬಿಡಿ.

ಇನ್ನೊಂದು ಕಾರಣವೂ ಇದೆ. ನೀವು ವಾರಕ್ಕೆ ಅರ್ಧ ಗಂಟೆ ಇರುತ್ತೀರಿ, ಅವರು ವಾರವಿಡೀ ಇರುತ್ತಾರೆ. ನಿಮ್ಮ ಹಾಡು ಅವರಿಗೆ ಬಂದರೆ ಸೋಮವಾರ ಮತ್ತೆ ಹಾಡಿಸುತ್ತಾರೆ. ಅವರಿಗೆ ಬಾರದಿದ್ದರೆ ಮುಂದಿನ ವಾರ ನೀವು ಮೊದಲಿನಿಂದ ಶುರು ಮಾಡಬೇಕು.

ಸರಳೆಯೇ ಸರಿ | ಜೂನ್ 25, ಬೆಳಿಗ್ಗೆ 6.20

ಇಪ್ಪತ್ತು ವರ್ಷಗಳಿಂದ ಮನೆಯಲ್ಲಿ ಪಾಠ ಹೇಳುವವನಾಗಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಬೇಸರವಾಯಿತೆಂದು ಅಡಿಪಾಯವನ್ನೇ ಬಿಟ್ಟರೆ ಹೇಗೆ? ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ ಎಂಬ ಸ್ವರಪಾಠಗಳು, ಆಮೇಲೆ ಮಲಹರಿ ರಾಗದಲ್ಲಿ ದೇವರ ಸ್ತುತಿಯ ಪಿಳ್ಳಾರಿ ಗೀತೆ ಎಂಬ ಕ್ರಮವನ್ನು ಪುರಂದರದಾಸರೇ ಹಾಕಿಕೊಟ್ಟರೆಂಬುದು ನಮ್ಮ ಪರಂಪರೆ. ಆ ರಾಗವನ್ನು ಆರಿಸಿದ್ದಕ್ಕೆ ಕಾರಣವೂ ಇದೆ: ಸ-ರಿ-ಗ-ಮ ಎಂಬ ಪೂರ್ವಾಂಗದಲ್ಲಿ ಇರುವ ಅಂತರಗಳೇ ಪ-ದ-ನಿ-ಸ ಎಂಬ ಉತ್ತರಾಂಗದಲ್ಲಿಯೂ ಬರುತ್ತವೆ. ಕೆಳಗಿನದು ಕಂಠಕ್ಕೆ ಕೂತರೆ ಮೇಲಿನದು ತಾನಾಗಿ ಕೂರುತ್ತದೆ. ನಾಲ್ಕು ಶಿಶುಗೀತೆ ಹಾಡಿಸಿ ಚಪ್ಪಾಳೆ ಹೊಡೆಸುವುದು ಸಂಗೀತ ಪಾಠವಲ್ಲ, ಕಾಲಹರಣ.

ಒಂದನೇ ಕ್ಲಾಸ್ ಟೀಚರ್ | ಜೂನ್ 25, ಸಂಜೆ 5.05

ಸರಳೆಯೇ ಸರಿ ಎನ್ನುವ ಅಣ್ಣನವರ ಮನೆಗೆ ಬರುವ ಮಕ್ಕಳು ತಂದೆ ತಾಯಿ ಫೀಸು ಕೊಟ್ಟು, ಮನೆಯಲ್ಲಿ ಅಭ್ಯಾಸ ಮಾಡಿಸಿ, ಸ್ಕೂಟರಿನಲ್ಲಿ ತಂದು ಬಿಡುವ ಮಕ್ಕಳು. ನನ್ನ ಕ್ಲಾಸಿಗೆ ಬರುವವರು ಹಾಗಲ್ಲ. ಹನ್ನೊಂದು ಮಕ್ಕಳಲ್ಲಿ ಮನೆಯಲ್ಲಿ ತುಳು ಮಾತಾಡುವವರು ಐವರು, ಮಲಯಾಳ ಇಬ್ಬರು, ಬ್ಯಾರಿ ಇಬ್ಬರು, ಮರಾಟಿ ಒಬ್ಬಳು, ಹವ್ಯಕ ಕನ್ನಡ ಒಬ್ಬ. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣದಲ್ಲಿ ಕೇಳಲು ಚೆಂದ, ಜೂನ್ ತಿಂಗಳಲ್ಲಿ ಪಾಠ ಮಾಡಿ ನೋಡಿದರೆ ಗೊತ್ತಾಗುತ್ತದೆ. ಈ ಮಕ್ಕಳಿಗೆ ಶಾಲೆಯ ಕನ್ನಡ ಮೊದಲು ಬಾಯಿಗೆ ಬರುವುದು ಹಾಡಿನಲ್ಲಿ. ‘ಮಳೆ ಬಂತು’ ಎಂದು ಮಾತಿನಲ್ಲಿ ಹೇಳಲು ಹಿಂಜರಿಯುವ ಹುಡುಗಿ ಅದನ್ನೇ ರಾಗದಲ್ಲಿ ಧೈರ್ಯವಾಗಿ ಹೇಳುತ್ತಾಳೆ. ಅದು ಕಾಲಹರಣವಲ್ಲ, ಅದು ನನ್ನ ಭಾಷಾಪಾಠ.

ತಂಬೂರಿ ಅಕ್ಕಾ, ಕಿರುಚುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ‘ಜೋರಾಗಿ ಹಾಡಿ’ ಎಂಬ ಮಾತನ್ನು ನಾವೇ ಹೇಳಿಕೊಟ್ಟು ಹಾಳು ಮಾಡಿದ್ದೇವೆ. ಅಸೆಂಬ್ಲಿಯಲ್ಲಿ ಪ್ರಾರ್ಥನೆಗೆ ನಿಂತಾಗಲೆಲ್ಲ ಅದೇ ಮಾತು. ನೀವು ಒಂದು ಸಾಲನ್ನು ಪಿಸುಮಾತಿಗಿಂತ ಸ್ವಲ್ಪ ಮೇಲೆ ಹಾಡಿ, ಕೈಯನ್ನು ಕಿವಿಯ ಹಿಂದೆ ಇಟ್ಟು ಅವರಿಗೆ ಬಿಟ್ಟುಕೊಡಿ. ಮೆಲ್ಲಗೆ ಕೇಳಿಸಿದ್ದನ್ನು ಮಕ್ಕಳು ಮೆಲ್ಲಗೇ ಹಿಂದಿರುಗಿಸುತ್ತಾರೆ.

ಕಪ್ಪು ಬಿಳಿ | ಜೂನ್ 25, ರಾತ್ರಿ 8.30

ಹಾರ್ಮೋನಿಯಂ ರಿಪೇರಿ ಮಾಡುವವನು, ಭಜನೆಗೂ ನುಡಿಸುವವನು. ಎಲ್ಲರೂ ಏನು ಹಾಡಿಸಬೇಕು ಎಂದು ಜಗಳವಾಡುತ್ತಿದ್ದೀರಿ, ಯಾವ ಶ್ರುತಿಯಲ್ಲಿ ಎಂದು ಯಾರೂ ಕೇಳಲಿಲ್ಲ. ತಂಬೂರಿಯವರೇ, ನೀವು ಹಾಡುವುದು ಬಿಳಿ ಐದರಲ್ಲಿ, ಅಂದರೆ ಹಾರ್ಮೋನಿಯಂನ ಸಪ್ತಕದ ಐದನೇ ಬಿಳಿ ಮನೆಯನ್ನು ‘ಸ’ ಮಾಡಿಕೊಂಡು, ಇರಬಹುದೇ?

ತಂಬೂರಿ | ಜೂನ್ 25, ರಾತ್ರಿ 8.41

ಹೌದು, ಬಿಳಿ ಐದು. ಅದೇ ಶ್ರುತಿಯಲ್ಲಿ ಪಾಠವನ್ನೂ ಮಾಡುತ್ತಿದ್ದೇನೆ.

ಕಪ್ಪು ಬಿಳಿ | ಜೂನ್ 25, ರಾತ್ರಿ 9.20

ಅಲ್ಲಿಯೇ ಗಂಟು ಇರುವುದು. ಆರೇಳು ವರ್ಷದ ಮಕ್ಕಳ ಸ್ವರ ಆಯಾಸವಿಲ್ಲದೆ ಓಡಾಡುವುದು ಹಾರ್ಮೋನಿಯಂನ ನಡುವಿನ ಸಪ್ತಕದ ಬಿಳಿ ಎರಡರಿಂದ ಹೆಚ್ಚು ಕಡಿಮೆ ಬಿಳಿ ಆರರವರೆಗೆ. ನಿಮ್ಮ ಷಡ್ಜ ಅದಕ್ಕಿಂತ ಕೆಳಗಿನ ಸಪ್ತಕದ ಬಿಳಿ ಐದು. ಅಂದರೆ ನೀವು ‘ಸ’ ಎಂದು ಹಿಡಿಯುವ ಜಾಗ ಆ ಚಿಕ್ಕವರಿಗೆ ಬಾವಿಯ ತಳ. ಕೆಲವರು ಅಲ್ಲಿಗೆ ಇಳಿಯಲಾರದೆ ಮಾತಿನ ಧ್ವನಿಯಲ್ಲಿ ಗುರುಗುಟ್ಟುತ್ತಾರೆ, ಕೆಲವರು ಬಲ ಹಾಕಿ ಕಿರುಚುತ್ತಾರೆ. ನಿಮ್ಮ ಎರಡನೇ ಕ್ಲಾಸಿನ ಹುಡುಗನಿಗೆ ಕಿವಿಯಿಲ್ಲ ಎಂದು ತೀರ್ಮಾನ ಮಾಡುವ ಮೊದಲು ಶ್ರುತಿ ಬದಲಿಸಿ ನೋಡಿ.

ನಿಮಗೆ ಹೊಸ ಶ್ರುತಿ ಹುಡುಕುವ ಕಷ್ಟವೂ ಇಲ್ಲ. ಬಿಳಿ ಐದರ ಪಂಚಮ (ಪ) ಬಿಳಿ ಎರಡು. ನಿಮ್ಮ ಪಂಚಮವನ್ನೇ ಮಕ್ಕಳ ಷಡ್ಜವಾಗಿ ಇಟ್ಟುಕೊಳ್ಳಿ. ಅಲ್ಲಿಂದ ಅವರ ಪಂಚಮದವರೆಗೆ ಐದು ಸ್ವರ ಸಿಕ್ಕಿದರೆ ಒಂದು ವರ್ಷಕ್ಕೆ ಧಾರಾಳ. ಅವರ ಧೈವತ (ದ) ನಿಮಗೆ ತಾರಸ್ಥಾಯಿಯ, ಅಂದರೆ ಮೇಲಿನ ಸಪ್ತಕದ, ಗಾಂಧಾರ (ಗ) ಆಗುತ್ತದೆ. ಮಾಡಿನ ಮೇಲೆ ಮಳೆ ಇಲ್ಲದ ದಿನ ಅದೂ ಕಷ್ಟವಲ್ಲ.

ಗಂಡಸರು ಕಲಿಸುವಾಗ ತೊಂದರೆ ಬೇರೆ ಬಗೆಯದು. ನಾವು ಕಪ್ಪು ಒಂದರಲ್ಲಿ ಹಾಡಿದರೆ ಮಕ್ಕಳು ಒಂದು ಸ್ಥಾಯಿ ಮೇಲೆ ಹಾಡಬೇಕು. ಆದರೆ ಚಿಕ್ಕವರು ನಮ್ಮ ದಪ್ಪ ಧ್ವನಿಯನ್ನೇ ಅನುಕರಿಸಲು ಹೋಗಿ ಕೆಳಗೆ ಬೀಳುತ್ತಾರೆ. ಆಗ ಸರಿಯಾಗಿ ಹಾಡುವ ಒಂದು ಮಗುವನ್ನು ಮುಂದೆ ನಿಲ್ಲಿಸಿ ಅದರಿಂದಲೇ ಹೇಳಿಸುವುದು ಒಳ್ಳೆಯದು.

ಒಂದನೇ ಕ್ಲಾಸ್ ಟೀಚರ್ | ಜೂನ್ 25, ರಾತ್ರಿ 9.34

ಇಷ್ಟು ವರ್ಷ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಪ್ರಾರ್ಥನೆಯನ್ನು ಸ್ವಲ್ಪ ಮೇಲೆ ಎತ್ತಿ ನೋಡುತ್ತೇನೆ.

ಸರಳೆಯೇ ಸರಿ | ಜೂನ್ 26, ಬೆಳಿಗ್ಗೆ 6.05

ಶ್ರುತಿಯ ಮಾತನ್ನು ಒಪ್ಪುತ್ತೇನೆ, ಅದರಲ್ಲಿ ವಾದವಿಲ್ಲ. ಹಾಗಾದರೆ ಬಿಳಿ ಎರಡರಲ್ಲಿಯೇ ಸರಳೆ ಹಾಡಿಸಲಿ.

ಕಪ್ಪು ಬಿಳಿ | ಜೂನ್ 26, ಬೆಳಿಗ್ಗೆ 7.40

ಹಾಡಿಸಬಹುದು, ಆದರೆ ಮಾಯಾಮಾಳವಗೌಳದ ಶುದ್ಧ ರಿಷಭ (ರಿ) ಷಡ್ಜಕ್ಕೆ ಅಂಟಿಕೊಂಡಿದೆ, ಅಲ್ಲಿಂದ ಗಾಂಧಾರಕ್ಕೆ ದೊಡ್ಡ ಹಾರು. ಮನೆಯಲ್ಲಿ ನಿಮ್ಮ ಎದುರು ಒಬ್ಬನೇ ಕೂತ ಶಿಷ್ಯ ತಪ್ಪಿದರೆ ನೀವು ತಿದ್ದುತ್ತೀರಿ. ಇಪ್ಪತ್ತು ಜನ ಒಟ್ಟಿಗೆ ಹಾಡುವಾಗ ಯಾರ ರಿಷಭ ಎಲ್ಲಿ ಹೋಯಿತೆಂದು ದೇವರಿಗೂ ತಿಳಿಯದು. ಮೋಹನ ರಾಗದ ಸ-ರಿ-ಗ-ಪ-ದ ಅಷ್ಟು ಜಾರುವುದಿಲ್ಲ.

ಇನ್ನೂ ಸುಲಭದ ಆರಂಭ ಬೇಕಾದರೆ ಎರಡೇ ಸ್ವರ ಸಾಕು. ಸಂಜೆ ಅಮ್ಮಂದಿರು ತೋಟದ ಆಚೆಗೆ ಕೇಳುವಂತೆ ಮಕ್ಕಳನ್ನು ಕರೆಯುವುದನ್ನು ಗಮನಿಸಿ: ಹೆಸರಿನ ಮೊದಲ ಅಕ್ಷರ ಮೇಲೆ, ಎರಡನೆಯದು ಸ್ವಲ್ಪ ಕೆಳಗೆ. ಆ ಇಳಿಕೆ ಹೆಚ್ಚಾಗಿ ಪಂಚಮದಿಂದ ಅಂತರ ಗಾಂಧಾರಕ್ಕೆ. ಹಂಗೇರಿಯ ಸಂಗೀತಜ್ಞ ಜೋಲ್ತಾನ್ ಕೊದಾಯ್ (1882–1967) ಅವರ ಹೆಸರಿನ ಪದ್ಧತಿಯಲ್ಲಿ ಶಾಲಾಮಕ್ಕಳಿಗೆ ಮೊದಲು ಕಲಿಸುವುದೂ ಈ ಎರಡು ಸ್ವರಗಳನ್ನೇ. ಹಾಜರಿ ಕರೆಯುವುದನ್ನೇ ಪ-ಗದಲ್ಲಿ ಮಾಡಿ, ಮಕ್ಕಳು ‘ಬಂದೆ’ ಎಂದು ಪ-ಗದಲ್ಲೇ ಉತ್ತರಿಸಲಿ. ಒಬ್ಬೊಬ್ಬರ ಸ್ವರವೂ ಬೇರೆ ಬೇರೆಯಾಗಿ ನಿಮ್ಮ ಕಿವಿಗೆ ಬೀಳುತ್ತದೆ, ಪರೀಕ್ಷೆ ಮಾಡುತ್ತಿದ್ದೀರೆಂದು ಯಾರಿಗೂ ಅನಿಸುವುದಿಲ್ಲ.

ಉಪ್ಪಳದ ತಾಯಿ | ಜೂನ್ 26, ಮಧ್ಯಾಹ್ನ 2.15

ಒಂದು ವಿಷಯವನ್ನು ಯಾರ ಮನಸ್ಸಿಗೂ ನೋವಾಗದಂತೆ ಹೇಳಬೇಕೆಂದಿದ್ದೇನೆ. ನನ್ನ ಇಬ್ಬರು ಮಕ್ಕಳೂ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಹಿರಿಯವಳ ಶಾಲೆಗೆ ಹಿಂದೊಮ್ಮೆ ಹೀಗೆಯೇ ಒಬ್ಬರು ಹಾಡು ಕಲಿಸಲು ಬಂದಿದ್ದರು. ಬಹಳ ಒಳ್ಳೆಯವರು, ಆದರೆ ಕಲಿಸಿದ್ದೆಲ್ಲ ದೇವರ ನಾಮಗಳು. ಮಗಳು ಎರಡು ವಾರ ಹಾಡಿದಳು, ಮೂರನೆಯ ವಾರ ‘ನೀವು ಬೇಕಾದರೆ ಹೊರಗೆ ಕೂತುಕೊಳ್ಳಬಹುದು’ ಎಂದು ನಾಲ್ಕು ಮಕ್ಕಳಿಗೆ ಹೇಳಿದರಂತೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಗಳು ವರಾಂಡದಲ್ಲಿ ಕೂತು ಒಳಗಿನ ಹಾಡನ್ನು ಪೂರ್ತಿ ಕಲಿತು ಬಂದು, ನನ್ನ ಎದುರು ಹಾಡಲೋ ಬೇಡವೋ ಎಂದು ಕೇಳಿದಳು. ಏನು ಹೇಳಬೇಕೆಂದು ನನಗೆ ಈಗಲೂ ತಿಳಿಯದು.

ಬೆಳಿಗ್ಗೆ ಮದ್ರಸದಲ್ಲಿ ಸ್ವರವೆತ್ತಿ ಓದಿ ಬರುವ ಮಕ್ಕಳ ಕಿವಿ ಚುರುಕಾಗಿರುತ್ತದೆ. ಮಳೆ, ಹಸು, ಅಡಿಕೆ ತೋಟ, ಸಮುದ್ರ, ಬಸ್ಸು ಎಂದು ಹಾಡಲು ಎಷ್ಟು ವಿಷಯವಿಲ್ಲ?

ಸರಳೆಯೇ ಸರಿ | ಜೂನ್ 26, ಸಂಜೆ 6.50

ಕರ್ನಾಟಕ ಸಂಗೀತದ ಸಾಹಿತ್ಯದಲ್ಲಿ ಬಹುಪಾಲು ದೇವರ ಸ್ತುತಿಯೇ ಇರುವಾಗ ಅದನ್ನು ತೆಗೆದುಹಾಕಿ ಏನು ಕಲಿಸುವುದು? ಪಿಳ್ಳಾರಿ ಗೀತೆಯನ್ನು ಬಿಟ್ಟರೆ ಪಾಠವೇ ಮುಂದೆ ಹೋಗುವುದಿಲ್ಲ.

ನಿವೃತ್ತ ಮಾಸ್ತರ | ಜೂನ್ 26, ಸಂಜೆ 7.25

ನಿಮ್ಮ ಮನೆಯ ಪಾಠದಲ್ಲಿ ಬಿಡಬೇಡಿ, ಯಾರೂ ಬಿಡಲು ಹೇಳಿಲ್ಲ. ಇಲ್ಲಿ ಪ್ರಶ್ನೆ ಶಾಲೆಯ ಪೀರಿಯಡ್‌ನದು. ಅಲ್ಲಿ ಯಾವ ಮಗುವೂ ವರಾಂಡಕ್ಕೆ ಹೋಗುವ ಹಾಗಾಗಬಾರದು; ಅದಕ್ಕೆ ತಕ್ಕ ಹಾಡನ್ನು ಹುಡುಕುವುದು ಕಲಿಸುವವರ ಕೆಲಸ. ಮೊದಲ ಎರಡು ತರಗತಿಗಳಲ್ಲಿ ಗೀತೆಯವರೆಗೆ ಯಾರು ಮುಟ್ಟುತ್ತಾರೆ? ಸ್ವರಕ್ಕೆ ಯಾವ ಜಾತಿಯೂ ಇಲ್ಲ. ಅವರ ಪಠ್ಯಪುಸ್ತಕದ ಪದ್ಯಗಳಿಗೇ ರಾಗ ಕೂರಿಸಿದರೆ ಟೀಚರರಿಗೂ ಉಪಕಾರ.

ಚೆಂಡೆಪೆಟ್ಟು | ಜೂನ್ 27, ರಾತ್ರಿ 10.40

ಮಳೆಗಾಲದ ಸಮಸ್ಯೆಗೆ ಯಾರೂ ಉತ್ತರ ಕೊಡಲಿಲ್ಲ. ಜೂನ್, ಜುಲೈಯಲ್ಲಿ ನಮ್ಮ ಊರಿನ ಶೀಟಿನ ಮಾಡಿನ ಕೆಳಗೆ ಶ್ರುತಿ ಹಿಡಿಯುವುದು ಆಗದ ಮಾತು. ಅಂಥ ದಿನ ಸ್ವರ ಬಿಟ್ಟು ತಾಳ ಹಿಡಿಯಿರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಜಿಲ್ಲೆಯಲ್ಲಿ ಯಕ್ಷಗಾನದ ಆಟ ನೋಡದ ಮಗು ಅಪರೂಪ. ಏಕತಾಳವನ್ನು ಕೈಯಲ್ಲಿ, ಬಾಯಿತಾಳದಲ್ಲಿ ಹೇಳಿಸಿ; ಒಂದು ಸಾಲಿನವರು ತಟ್ಟಲಿ, ಇನ್ನೊಂದು ಸಾಲಿನವರು ಹೇಳಲಿ, ಮತ್ತೆ ಅದಲು ಬದಲಾಗಲಿ. ಮೂರು–ನಾಲ್ಕನೇ ಕ್ಲಾಸಿನವರಿಗೆ ಏಳು ಮಾತ್ರೆಯ ತ್ರಿವುಡೆ ತಾಳವೂ ಬರುತ್ತದೆ, ದೊಡ್ಡವರಿಗಿಂತ ಬೇಗ ಬರುತ್ತದೆ. ಆದಿತಾಳದ ಲಘು ಎಂಬ ಭಾಗದಲ್ಲಿ ಕಿರುಬೆರಳಿನಿಂದ ಎಣಿಸುವಾಗ ಮಾತ್ರ ಒಂದನೇ ಕ್ಲಾಸಿನವರ ಬೆರಳು ಹೇಳಿದ ಹಾಗೆ ಕೇಳುವುದಿಲ್ಲ. ಅವರಿಗೆ ಪೆಟ್ಟು ಮಾತ್ರ ಸಾಕು.

ಉಪಕರಣಕ್ಕೆ ದುಡ್ಡು ಹಾಕಬೇಡಿ. ತೆಂಗಿನ ಗೆರಟೆಯ ಅಂಚನ್ನು ಒರಟು ಕಲ್ಲಿಗೆ ತಿಕ್ಕಿ ನುಣುಪು ಮಾಡಿದರೆ ಎರಡು ಹೋಳಿನಲ್ಲಿ ಒಳ್ಳೆಯ ತಾಳ ಸಿಗುತ್ತದೆ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ದೇಶಕ್ಕೆಲ್ಲ 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮಾತ್ರ ಗೊತ್ತು, ಅವರು ಸ್ವತಃ ಯಕ್ಷಗಾನದಲ್ಲಿ ಭಾಗವತಿಕೆ (ಹಾಡುಗಾರಿಕೆ) ಮಾಡುತ್ತಿದ್ದರೆಂಬುದು ನಮಗೆ ಗೊತ್ತು. ಅಂಥ ಊರು ಇದು.

ಮಂಗಳೂರು ಬಸ್ಸು | ಜೂನ್ 27, ರಾತ್ರಿ 10.52

ಸುಪ್ರೀಂ ಕೋರ್ಟಿನಿಂದ ಎರಡನೇ ಕ್ಲಾಸಿಗೆ ಮರಳೋಣ.

ಕುಂಬಳೆ ಪೇಟೆ | ಜೂನ್ 28, ಬೆಳಿಗ್ಗೆ 8.15

ನನ್ನದು ಸರಳ ಸಲಹೆ. ಚೆನ್ನಾಗಿ ಹಾಡುವ ಏಳೆಂಟು ಮಕ್ಕಳನ್ನು ಆರಿಸಿ ಕೇರಳ ಶಾಲೆಗಳ ಕಲಾಸ್ಪರ್ಧೆಯಾದ ಕಲೋತ್ಸವಕ್ಕೆ ತಯಾರು ಮಾಡಿ. 1957ರಿಂದ ನಡೆದು ಬಂದ ದೊಡ್ಡ ವೇದಿಕೆ ಅದು. ಬಹುಮಾನ ಬಂದರೆ ಶಾಲೆಗೆ ಹೆಸರು, ಮುಂದಿನ ವರ್ಷ ಅಡ್ಮಿಶನ್ ಕೂಡ ಹೆಚ್ಚುತ್ತದೆ. ರಾಜ್ಯ ಮಟ್ಟಕ್ಕೆ ಹೋದರೆ ನಿಮ್ಮ ಶ್ರಮವೂ ಸಾರ್ಥಕ.

ನಿವೃತ್ತ ಮಾಸ್ತರ | ಜೂನ್ 28, ಬೆಳಿಗ್ಗೆ 9.00

ಎಲ್‌ಪಿ ಮಕ್ಕಳ ಸ್ಪರ್ಧೆ ಉಪಜಿಲ್ಲೆಯಲ್ಲೇ ಮುಗಿಯುತ್ತದೆ, ರಾಜ್ಯ ಮಟ್ಟ ಅವರಿಗೆ ಇಲ್ಲ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರಬೇಕೆಂಬ ನಿಮ್ಮ ಕಳಕಳಿ ನನಗೂ ಇದೆ. ಆದರೆ ಎಂಟು ಮಕ್ಕಳನ್ನು ಆರಿಸಿದ ದಿನ ಉಳಿದ ಮೂವತ್ತನಾಲ್ಕು ಮಕ್ಕಳಿಗೆ ಪಾಠ ಮುಗಿಯಿತು.

ಹಾಳೆ ಮುಟ್ಟಾಳೆ | ಜೂನ್ 28, ರಾತ್ರಿ 11.30

ಮಾಸ್ತರರು ಬರೆದ ಆ ಮೂವತ್ತನಾಲ್ಕರಲ್ಲಿ ನಾನೂ ಒಬ್ಬ. ಮೂರನೇ ಕ್ಲಾಸಿನಲ್ಲಿದ್ದಾಗ ವಾರ್ಷಿಕೋತ್ಸವದ ಸಮೂಹಗಾನಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅಮ್ಮ ನೀಲಿ ಅಂಗಿ ಹೊಲಿಸಿದ್ದಳು. ಅಭ್ಯಾಸದ ಕೊನೆಯ ದಿನ ಕಲಿಸುವವರು ಸಾಲಿನ ಮುಂದೆ ಕಿವಿಯಿಟ್ಟು ಬಂದು ನನ್ನ ಎದುರು ನಿಂತು, ‘ನೀನು ಬಾಯಿ ಆಡಿಸು, ಸ್ವರ ಬೇಡ’ ಎಂದರು. ಗದರಿಸಿದ್ದಲ್ಲ, ಮೆಲ್ಲಗೆ ಹೇಳಿದ್ದು. ವೇದಿಕೆಯಲ್ಲಿ ಹಾಗೆಯೇ ಮಾಡಿದೆ. ಮನೆಗೆ ಬರುವಾಗ ಅಮ್ಮ ‘ನಿನ್ನ ಸ್ವರ ನನಗೆ ಚೆನ್ನಾಗಿ ಕೇಳಿಸಿತು’ ಎಂದಳು.

ಈಗ ನನಗೆ ನಲವತ್ತಾರು. ಮಗಳ ತೊಟ್ಟಿಲು ತೂಗುವಾಗಲೂ ಹಾಡಲಿಲ್ಲ, ಫೋನಿನಲ್ಲಿ ಹಾಕಿದೆ. ತಂಬೂರಿಯವರೇ, ಆ ಹುಡುಗನಿಗೆ ಏನು ಬೇಕಾದರೂ ಮಾಡಿ, ಸುಮ್ಮನಿರು ಎಂದು ಮಾತ್ರ ಹೇಳಬೇಡಿ.

ಒಂದನೇ ಕ್ಲಾಸ್ ಟೀಚರ್ | ಜೂನ್ 29, ಬೆಳಿಗ್ಗೆ 7.10

ನಿಮ್ಮ ಮಾತನ್ನು ಓದಿ ನನ್ನ ಕೈಯಿಂದ ಹಾಗೆ ಆಗಿದೆಯೇ ಎಂದು ರಾತ್ರಿಯಿಡೀ ನೆನಪಿಸಿಕೊಂಡೆ. ಇನ್ನೊಂದು ಮಾತು, ಮಳೆಗಾಲದಲ್ಲಿ ಚಿಕ್ಕ ಮಕ್ಕಳಿಗೆ ನೆಗಡಿಯಾಗಿ ಕಿವಿ ಕಟ್ಟುವುದು ಸಾಮಾನ್ಯ. ಆ ಹುಡುಗನ ಹಿಂದಿನಿಂದ ಹೆಸರು ಹಿಡಿದು ಕರೆದಾಗ ತಿರುಗುತ್ತಾನೆಯೇ ನೋಡಿ. ಸಂಶಯವಿದ್ದರೆ ಮನೆಯವರಿಗೆ ಹೇಳಿ ಡಾಕ್ಟರಿಗೆ ತೋರಿಸಲಿ.

ಚಂದ್ರಗಿರಿ ತಡಿ | ಜುಲೈ 2, ರಾತ್ರಿ 9.00

ಇಷ್ಟು ದಿನ ಓದುತ್ತಿದ್ದೆ, ಬರೆಯಲು ಧೈರ್ಯವಿರಲಿಲ್ಲ. ನಾನೂ ಒಂದು ಶಾಲೆಗೆ ಹೋಗುತ್ತಿದ್ದವನು. ಕೀಬೋರ್ಡ್, ಸ್ಪೀಕರ್, ವಾರಕ್ಕೆ ಎರಡು ದಿನ, ಶಾಲೆಯಲ್ಲಿ ಒಂದು ಬ್ಯಾಂಡ್ ಕಟ್ಟುತ್ತೇನೆಂಬ ಭಾಷಣ, ಎಲ್ಲವೂ ಆಯಿತು. ಓಣಂ ಪರೀಕ್ಷೆಯವರೆಗೆ ಹೋದೆ. ಆಮೇಲೆ ಕೆಲಸದ ಪಾಳಿ ಬದಲಾಯಿತು, ಒಂದು ವಾರ ತಪ್ಪಿತು, ಎರಡನೆಯ ವಾರ ಮುಖ ತೋರಿಸಲು ನಾಚಿಕೆಯಾಯಿತು, ಮೂರನೆಯ ವಾರದಿಂದ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ. ಡಿಸೆಂಬರಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಹುಡುಗಿಯೊಬ್ಬಳು ಬೈಯಲಿಲ್ಲ, ‘ಸಾರ್, ಜ್ವರ ಕಡಿಮೆಯಾಯಿತಾ?’ ಎಂದು ಕೇಳಿದಳು. ಮಕ್ಕಳು ಕೇಳುತ್ತಲೇ ಇದ್ದುದರಿಂದ ಸಾರ್‌ಗೆ ಜ್ವರ ಎಂದು ಅವರ ಟೀಚರ್ ಹೇಳಿದ್ದರಂತೆ.

ಆದ್ದರಿಂದ ಅಕ್ಕಾ, ವರ್ಷವಿಡೀ ಬರುತ್ತೇನೆಂದು ಹೇಳಬೇಡಿ. ಓಣಂ ರಜೆಯವರೆಗೆ ಹತ್ತು ವಾರ ಎಂದು ಹೇಳಿ, ಹತ್ತನ್ನೂ ಮುಗಿಸಿ, ಆಮೇಲೆ ಮುಂದಿನ ಹತ್ತನ್ನು ಯೋಚಿಸಿ. ಬರಲು ಆಗದ ದಿನ ಮೊದಲೇ ಫೋನ್ ಮಾಡಿ ತಿಳಿಸಿ.

ಮಂಗಳೂರು ಬಸ್ಸು | ಜುಲೈ 2, ರಾತ್ರಿ 9.12

ಆ ಶಾಲೆಗೆ ಈಗಲೂ ಹೋಗಬಹುದಲ್ಲ ನೀವು?

ಚಂದ್ರಗಿರಿ ತಡಿ | ಜುಲೈ 2, ರಾತ್ರಿ 9.40

ಯೋಚಿಸುತ್ತಿದ್ದೇನೆ.

ತಂಬೂರಿ | ಆಗಸ್ಟ್ 6, ರಾತ್ರಿ 8.50

ಎಲ್ಲರಿಗೂ ಉತ್ತರ ಬಾಕಿಯಿತ್ತು. ಈಗ ಬುಧವಾರ ಬೆಳಿಗ್ಗೆ ಅರ್ಧ ಅರ್ಧ ಗಂಟೆಯ ಎರಡು ಗುಂಪು. ಕ್ಲಾಸ್ ಟೀಚರರು ಜೊತೆಯಲ್ಲಿ ಕೂರುತ್ತಾರೆ. ಒಬ್ಬರು ರಿಜಿಸ್ಟರನ್ನು ಅಲ್ಲಿಗೇ ತಂದು ಬರೆಯುತ್ತಾ ಹಾಡುತ್ತಾರೆ. ಪಿಟಿಎಯಲ್ಲಿಯೂ ಬರೆಸಿದ್ದೇನೆ. ಮೋಹನದ ಐದು ಸ್ವರಗಳಲ್ಲಿ ಅವರ ಪುಸ್ತಕದ ಎರಡು ಪದ್ಯಗಳಿಗೆ ರಾಗ ಹಾಕಿದೆ. ಸರಳೆ ವರಿಸೆಯನ್ನು ನಾಲ್ಕನೇ ಕ್ಲಾಸಿನ, ಕೇಳಿಕೊಂಡು ಬಂದ ಮೂವರಿಗೆ ಮಾತ್ರ ಹೇಳುತ್ತಿದ್ದೇನೆ. ಸರಳೆಯೇ ಸರಿ ಎನ್ನುವವರು ಸಮಾಧಾನಪಟ್ಟುಕೊಳ್ಳಲಿ.

ಆ ಹುಡುಗನ ಕಿವಿಗೆ ಏನೂ ಆಗಿಲ್ಲ. ಶ್ರುತಿ ಏರಿಸಿದ ಮೇಲೂ ಮೂರು ವಾರ ಅವನ ‘ಬಂದೆ’ ಹಳೆಯ ಜಾಗದಲ್ಲೇ ಇತ್ತು. ನಾಲ್ಕನೆಯ ವಾರ ಹಾಜರಿ ಕರೆಯುವ ಕೆಲಸವನ್ನು ಅವನಿಗೇ ಕೊಟ್ಟೆ. ಎದ್ದು ನಿಂತು, ಮೊದಲ ಸಾಲಿನ ಹುಡುಗಿಯ ಹೆಸರನ್ನು ತೋಟದಾಚೆಯಿಂದ ಕರೆಯುವ ಹಾಗೆ ಕರೆದ. ಪಂಚಮ, ಗಾಂಧಾರ, ಎರಡೂ ಸರಿಯಾಗಿ ಇದ್ದವು. ಅವನಿಗೆ ಅದು ತಿಳಿಯಲಿಲ್ಲ, ಮುಂದಿನ ಹೆಸರಿಗೆ ಹೋದ. ಇಪ್ಪತ್ತು ಹೆಸರಿನಲ್ಲಿ ಹನ್ನೆರಡು ಶ್ರುತಿಯಲ್ಲೇ ಇದ್ದವು, ನಾನು ಬೆರಳಿನಲ್ಲಿ ಎಣಿಸಿದೆ.

ಮುಂದಿನ ವಾರ ತಾಳದ ಪಾಠ. ಗೆರಟೆ ಹದಿನೈದು ಜೊತೆ ಆಗಿದೆ, ಆರು ಜೊತೆ ಕಡಿಮೆಯಿದೆ.

ಚೆಂಡೆಪೆಟ್ಟು | ಆಗಸ್ಟ್ 6, ರಾತ್ರಿ 9.05

ಭಾನುವಾರ ಬದಿಯಡ್ಕಕ್ಕೆ ಬರಲಿಕ್ಕಿದೆ. ತಿಕ್ಕಿಯೇ ತರುತ್ತೇನೆ.